ಮಂತ್ರಿಗಳು ಕಂಡ ಕುರಿ ಲಾರಿ

"ಕುರಿ ಲಾರಿ ನೋಡಿದ್ರಾ ಅಂತ ಯಗಟಿಗೆ ಬಂದು ಕೇಳಿದ್ರೆ ಏನಂತ ಹೇಳಾದು ತಾಯಿ?" ಎಂದ ಗಿರಿಯಪ್ಪ. ಅವನು ಟಗರಿನ ಮರಿಯೊಂದರ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ. "ಇಲ್ಲಿ ಜನ ಬಸ್ಸಲ್ಲಿ ಹೋಯ್ತಾರೆ, ಕುರಿ ಲಾರೀಲಿ ಹೋಯ್ತವೆ. ದಿನಾ ನೋಡ್ತೀವಿ."

"ಕುರಿ ಇಲ್ಲದ ಕುರಿ ಲಾರಿ ಕಣಪ್ಪಾ. ಒಳಗೆ ಒಂದು ಮೋಟಾರ್ ಇತ್ತಂತೆ. ಕೆರೆಗೆ ನೀರೆತ್ತೋ ದೊಡ್ಡ ಮೋಟಾರ್."

"ಯಾರು ನೋಡಿದ್ರಂತೆ?"

"ಮಂತ್ರಿಗಳು."

ಗಿರಿಯಪ್ಪ ಮರಿಯ ಬಾಯಿ ಬಿಟ್ಟು ತನ್ನ ಬಾಯಿ ತೆರೆದ. "ಮಂತ್ರಿಗಳು ಯಗಟಿಗೆ ಯಾವಾಗ ಬಂದಿದ್ರು?"

"ಬಂದಿಲ್ಲ. ಬೆಳಗಾವೀಲಿ ಕೂತ್ಕೊಂಡೇ ನೋಡಿದಾರೆ."

ಸುತ್ತ ಕೂತಿದ್ದ ಕುರಿಯವರೆಲ್ಲ ನಕ್ಕರು. ವನಜಾಕ್ಷಿಗೆ ನಗು ಬರಲಿಲ್ಲ. ಸಿಂಗಟಗೆರೆ ಆಯಿತು, ಪಂಚನಹಳ್ಳಿ ಆಯಿತು, ಈಗ ಯಗಟಿಯೂ ಆಯಿತು. ಕಂಡ ಕಂಡ ಕುರಿ ವ್ಯಾಪಾರಿಗಳ ಮುಂದೆ ಇದೇ ಪ್ರಶ್ನೆ ಕೇಳಿ ಅವಳ ಗಂಟಲು ಕಟ್ಟಿತ್ತು. ಮೋಟಾರ್ ಹೊತ್ತ ಲಾರಿಯನ್ನು ಈ ಭೂಮಿಯ ಮೇಲೆ ನೋಡಿದವರು ಮಂತ್ರಿಗಳೊಬ್ಬರೇ.

ಬಿಳಿಗುಂಡಿ ಕೆರೆಯ ಪಂಪ್‌ಹೌಸಿನಿಂದ ಮೋಟಾರ್ ಕದ್ದನೆಂದು ಅವಳ ದೊಡ್ಡಪ್ಪನ ಮಗ, ಕಾವಲುಗಾರ ಗಿಡ್ಡಪ್ಪ, ಜೈಲಿನಲ್ಲಿದ್ದ. ಆ ಪಂಪ್‌ಹೌಸಿನಲ್ಲಿ ಮೋಟಾರ್ ಎಂಬುದು ಎಂದೂ ಇರಲೇ ಇಲ್ಲವೆಂದು ಬಿಳಿಗುಂಡಿಯ ನಾಯಿಗಳಿಗೂ ಗೊತ್ತಿತ್ತು.

ಜಾಮೀನಿಗೆ ಅರ್ಜಿ ಹಾಕಿದರೆ ಪೊಲೀಸರು ತಕರಾರು ತೆಗೆದಿದ್ದರು. ಕಳವಾದ ಮಾಲು ಇನ್ನೂ ಸಿಕ್ಕಿಲ್ಲ, ಸಿಗುವವರೆಗೆ ಬಿಡಬಾರದು ಎಂದು. ಇಲ್ಲದ ಮಾಲು ಸಿಗುವುದು ಯಾವ ಕಾಲಕ್ಕೆ? ಅಲ್ಲಿಯವರೆಗೆ ಅರವತ್ತು ದಾಟಿದ ಮನುಷ್ಯ ಒಳಗೆ ಕೊಳೆಯಬೇಕು. ಇದನ್ನು ನೆನೆದಾಗಲೆಲ್ಲ ವನಜಾಕ್ಷಿಗೆ ಯಾರನ್ನಾದರೂ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತಿತ್ತು. ಯಾರನ್ನು ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಬಸ್ ನಿಲ್ದಾಣದ ನೆರಳಿಗೆ ಸ್ಕೂಟರ್ ನಿಲ್ಲಿಸಿ ಅವಳು ಮೊಬೈಲ್ ತೆಗೆದಳು. ಸದನದ ಆ ವಿಡಿಯೋ ಎಷ್ಟು ಸಲ ನೋಡಿದ್ದಳೋ. ಇನ್ನೊಂದು ಸಲ ಹಾಕಿದಳು.

ವನಜಾಕ್ಷಿ ವಿಧಾನ ಪರಿಷತ್ತಿನಲ್ಲಿ ಶೀಘ್ರಲಿಪಿ ವರದಿಗಾರ್ತಿಯಾಗಿ ಕೂದಲು ಹಣ್ಣು ಮಾಡಿಕೊಂಡವಳು. ಸದಸ್ಯರು ಕೇಳಿದ್ದು, ಮಂತ್ರಿಗಳು ಹೇಳಿದ್ದು, ಹೇಳಬೇಕಾದ್ದನ್ನು ನುಂಗಿಕೊಂಡು ಬೇರೇನೋ ಹೇಳಿದ್ದು, ಎಲ್ಲ ಅವಳ ಕೈಯಿಂದಲೇ ಕಾಗದಕ್ಕೆ ಇಳಿದಿತ್ತು. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದರೆ ಗೊತ್ತಿಲ್ಲ ಎಂದು ಅರ್ಥ. 'ಪರಿಶೀಲನೆಯಲ್ಲಿದೆ' ಎಂದರೆ ಮಾಡುವುದಿಲ್ಲ. 'ಪ್ರಶ್ನೆ ಉದ್ಭವಿಸುವುದಿಲ್ಲ' ಎಂದರೆ ಬಾಯಿ ಮುಚ್ಚಿಕೊಂಡು ಕೂತ್ಕೋ.

ಆ ಕೆಲಸಕ್ಕೆ ಒಂದು ವಿಚಿತ್ರ ಅಭ್ಯಾಸ ಬೇಕಿತ್ತು. ಕಿವಿಗೆ ಬಿದ್ದ ಮಾತು ನೇರ ಕೈಗೆ ಇಳಿಯಬೇಕು, ತಲೆಯಲ್ಲಿ ತಂಗಬಾರದು. ತಂಗಿತೋ, ಮುಂದಿನ ಮಾತು ತಪ್ಪಿತು. ಸಂಜೆ ಮನೆಗೆ ಬಂದಾಗ ಇವತ್ತು ಸದನದಲ್ಲಿ ಏನಾಯಿತೇ ಎಂದು ಗಂಡ ಕೇಳಿದರೆ ಅವಳಿಗೆ ಒಂದಕ್ಷರ ನೆನಪಿರುತ್ತಿರಲಿಲ್ಲ. ನಿವೃತ್ತಿಯಾಗಿ ಕಡೂರಿಗೆ ಬಂದ ಮೇಲೂ ಈ ಮರೆವು ಹೋಗಿರಲಿಲ್ಲ.

ವಿಡಿಯೋದಲ್ಲಿ ಚಂದ್ರಕುಮಾರ್ ಎದ್ದು ನಿಂತಿದ್ದರು. ಕಡೂರಿನ ಕೊಬ್ಬರಿ ಮಂಡಿಯ ಮಾಲೀಕರು, ಪರಿಷತ್ತಿನ ಸದಸ್ಯರು, ವನಜಾಕ್ಷಿಯನ್ನು ಇಂದಿಗೂ ಮೇಡಂ ಎಂದೇ ಕರೆಯುವವರು.

"ಮಾನ್ಯ ಸಭಾಪತಿಗಳೇ, ಬಿಳಿಗುಂಡಿ ಪಂಪ್‌ಹೌಸಿನ ಕಾಮಗಾರಿ ಪೂರ್ಣಗೊಂಡಿದೆ, ಖರ್ಚೂ ಪೂರ್ತಿ ಆಗಿದೆ ಎಂದು ಲಿಖಿತ ಉತ್ತರ ಕೊಟ್ಟಿದ್ದಾರೆ. ನನ್ನದು ಒಂದೇ ಉಪಪ್ರಶ್ನೆ. ಅಲ್ಲಿ ಮೋಟಾರ್ ಇದೆಯೋ ಇಲ್ಲವೋ?"

ಮಂತ್ರಿಗಳು ಎದ್ದರು. ಹಿಂದೆ ತಿರುಗಿ ಅಧಿಕಾರಿಗಳ ಕಡೆ ನೋಡಲಿಲ್ಲ. ಚೀಟಿಗೆ ಕೈ ಚಾಚಲಿಲ್ಲ. ಶಾಲು ಸರಿಮಾಡಿಕೊಂಡು ಹೇಳಿಬಿಟ್ಟರು. "ಮೋಟಾರ್ ಅಳವಡಿಸಲಾಗಿತ್ತು. ಕಾವಲುಗಾರನೇ ಶಾಮೀಲಾಗಿ ಕುರಿ ಸಾಗಿಸುವ ಲಾರಿಯಲ್ಲಿ ಅದನ್ನು ಸಾಗಹಾಕಿದ್ದಾನೆ. ಪ್ರಕರಣ ದಾಖಲಾಗಿದೆ. ಆತನನ್ನು ವಶಕ್ಕೆ ಪಡೆಯಲಾಗಿದೆ."

ಚಂದ್ರಕುಮಾರ್ ಕೂತುಬಿಟ್ಟರು. ವಿಡಿಯೋ ಮುಂದಿನ ಪ್ರಶ್ನೆಗೆ ಹೋಯಿತು.

ಇದರಲ್ಲಿ ಅವಳ ಹೊಟ್ಟೆ ಉರಿಸುತ್ತಿದ್ದದ್ದು ಮಂತ್ರಿಗಳ ಸುಳ್ಳಲ್ಲ. ಸುಳ್ಳು ಅವಳು ಬೇಕಾದಷ್ಟು ಬರೆದುಕೊಂಡಿದ್ದಳು. ಮೂಲ ಪ್ರಶ್ನೆಗಾದರೆ ಇಲಾಖೆ ವಾರಗಟ್ಟಲೆ ಕೂತು ಉತ್ತರ ಹೊಸೆಯುತ್ತದೆ. ಉಪಪ್ರಶ್ನೆ ಹಾಗಲ್ಲ. ಅದು ಸದಸ್ಯನ ಬಾಯೊಳಗೇ ಇರುತ್ತದೆ, ಸದನದಲ್ಲಿಯೇ ಮೊದಲ ಸಲ ಹೊರಗೆ ಬೀಳುತ್ತದೆ. ಆಗ ಎಂಥ ಗಟ್ಟಿ ಮಂತ್ರಿಯೂ ಒಮ್ಮೆ ಹಿಂದೆ ತಿರುಗುತ್ತಾನೆ. ಈ ಮನುಷ್ಯ ತಿರುಗಲಿಲ್ಲ. ಅಂದರೆ ಪ್ರಶ್ನೆ ಮೊದಲೇ ಸೋರಿತ್ತು.

ಸೋರಿಸಿದ್ದು ಯಾರು?

ವನಜಾಕ್ಷಿಯ ಅನುಮಾನವೆಲ್ಲ ಓಂಕಾರೇಶನ ಮೇಲೆ. ಚಂದ್ರಕುಮಾರರ ಪ್ರಶ್ನೆಗಳನ್ನು ಟೈಪ್ ಮಾಡುವವನು, ಫೈಲ್ ಹೊರುವವನು, ಸಾಹೇಬರಿಗೆ ನೆಗಡಿಯಾದರೂ ಮಂಡಿಯ ಹಮಾಲರಿಗೆ ಮೊದಲು ಹೇಳುವವನು ಅವನೇ. ಅವನ ಬಾಯಿಗೆ ಬಾಗಿಲೇ ಇರಲಿಲ್ಲ. ಬೆಳಿಗ್ಗೆ ಫೋನು ಮಾಡಿ ಗದರಿದ್ದಕ್ಕೆ, "ಅಯ್ಯೋ ಮೇಡಂ, ನಾನು ಯಾರತ್ರಾನೂ ಹೇಳಿಲ್ಲ ಕಣ್ರೀ" ಎಂದು ಅಳುವುದೊಂದು ಬಾಕಿ ಇಟ್ಟಿದ್ದ. ಅವನಂಥವರು ಹಾಗೆ ಅಂದಾಗಲೇ ಅನುಮಾನ ಹೆಚ್ಚುವುದು.

ಅವಳು ಹೆಲ್ಮೆಟ್ ಹಾಕಿಕೊಂಡು ಬಿಳಿಗುಂಡಿಯ ದಾರಿ ಹಿಡಿದಳು.

ಈ ಯೋಜನೆಯ ಬೆನ್ನು ಹತ್ತುವುದೆಂದರೆ ಒಂದು ಶಿಕ್ಷೆ. ಕೆರೆ ಇರುವುದು ಅಜ್ಜಂಪುರ ತಾಲ್ಲೂಕಿನಲ್ಲಿ. ಯೋಜನೆಯ ಕಚೇರಿ ತರೀಕೆರೆಯಲ್ಲಿ. ಬಿಲ್ಲು ಬರೆಯುವವರು ಕಡೂರಿನಲ್ಲಿ. ಸಾಮಾನು ಇಡುವ ಗೋದಾಮು ಲಕ್ಕವಳ್ಳಿಯಲ್ಲಿ. ತರೀಕೆರೆಯಲ್ಲಿ ಕೇಳಿದರೆ, ಅಜ್ಜಂಪುರ ಈಗ ಬೇರೆ ತಾಲ್ಲೂಕು ಕಣಮ್ಮ ಎಂದರು. ಅಜ್ಜಂಪುರದಲ್ಲಿ ಕೇಳಿದರೆ, ತಾಲ್ಲೂಕು ಬೇರೆಯಾದರೂ ಫೈಲ್ ಇನ್ನೂ ತರೀಕೆರೆಯಲ್ಲೇ ಎಂದರು. ಕಡೂರಿನವರು ಊಟಕ್ಕೆ ಹೋಗಿದ್ದರು. ಲಕ್ಕವಳ್ಳಿಯ ಗೋದಾಮಿನವನೊಬ್ಬ ಮಾತ್ರ ನಿಜ ಹೇಳಿದ್ದ. "ಮೋಟಾರ್ ಬಂದಿದ್ರೆ ತಾನೇ ಕಳಿಸೋಕೆ" ಎಂದಿದ್ದ. ಮರುದಿನ ಕೇಳಿದರೆ ತಾನು ಹಾಗೆ ಅಂದೇ ಇಲ್ಲ ಎಂದ.

ಬಿಳಿಗುಂಡಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೆರೆ ಏರಿಯ ಕೆಳಗೆ, ಹೊಸದಾಗಿ ಸುಣ್ಣ ಬಳಿದ ಪಂಪ್‌ಹೌಸ್. ರಸ್ತೆಯಾಚೆ ತೀರ್ಥಮ್ಮನ ಚಹಾದಂಗಡಿ. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಗಿಡ್ಡಪ್ಪನ ಹೆಂಡತಿ ಹನುಮಂತಮ್ಮ ಕೂತಿದ್ದಳು. ಕೈಯಲ್ಲಿ ಗಂಡನ ಬಿದಿರು ಕೋಲು.

"ಅತ್ತಿಗೆ, ಇಲ್ಲಿ ಯಾಕೆ ಬಿಸಿಲಲ್ಲಿ ಕೂತಿದೀಯ?"

"ಕಾವಲು ಬಿಟ್ಟು ಹೋದ ಅಂತ ಅವರ ಮೇಲೆ ಇನ್ನೊಂದು ಮಾತು ಬರಬಾರ್ದು ಕಣೇ ವನಜಾ. ಅವರು ಬರೋಗಂಟ ನಾನೇ ಕಾಯ್ತೀನಿ."

ಬರೀ ಖಾಲಿ ಪಂಪ್‌ಹೌಸ್. ಒಳಗೆ ಕದಿಯಲು ಒಂದು ಬೋಲ್ಟೂ ಇಲ್ಲ. ಅದನ್ನು ಈ ಹೆಂಗಸು ಬೆಳಗಿನಿಂದ ಕಾಯುತ್ತಿದ್ದಳು. ವನಜಾಕ್ಷಿಯ ಕಣ್ಣು ತುಂಬಿತು. ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

ತೀರ್ಥಮ್ಮ ಚಹಾ ತಂದು ಕೊಟ್ಟಳು. ಆವತ್ತಿನ ಕಥೆಯನ್ನು ಅವಳು ಬಂದವರಿಗೆಲ್ಲ ಹೇಳಿ ಹೇಳಿ ಸಾಣೆ ಹಿಡಿದಿದ್ದಳು. ಈಗ ಮತ್ತೊಮ್ಮೆ ಹೇಳಿದಳು. "ಗಿಡ್ಡಣ್ಣ ಇಲ್ಲೇ, ಈ ಬೆಂಚ್ ಮೇಲೆ ಕೂತು ಮೊಬೈಲಲ್ಲಿ ಅಸೆಂಬ್ಲಿ ನೋಡ್ತಿದ್ದ. ನಮ್ಮ ಪಂಪ್‌ಹೌಸ್ ವಿಷಯ ಬತ್ತದೆ ಅಂತ ಊರಿಗೆಲ್ಲ ಹೇಳಿದ್ದ. ಮಂತ್ರಿಗಳು ಕಾವಲುಗಾರನನ್ನ ಹಿಡಿದಿದೀವಿ ಅಂದ್ರು. ಇವನು ಲೋಟ ಕೆಳಗಿಟ್ಟು, ನನ್ನ ಹಿಡಿದವ್ರಂತೆ ಕಣೇ ತೀರ್ಥಾ, ಅಂದ. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಜೀಪ್ ಬಂತು."

"ಮಂತ್ರಿ ಹೇಳಿದ ಮೇಲೆ ಬಂತು."

"ಎಷ್ಟೋ ಹೊತ್ತಿನ ಮೇಲೆ. ಪೊಲೀಸ್ನೋರಿಗೆ ಹೇಳಿದೆ. ನಿನ್ನ ಅಂಗಡಿ ಗಡಿಯಾರ ಸರಿ ಇಲ್ಲ ಅಂದ್ರು. ನನ್ನ ಅಂಗಡೀಲಿ ಗಡಿಯಾರನೇ ಇಲ್ಲ."

ವನಜಾಕ್ಷಿ ಲೋಟ ಮರಳಿಸಿ ಪಂಪ್‌ಹೌಸಿನ ಬಾಗಿಲಿಗೆ ಹೋದಳು. ಕಂಬಿ ಗೇಟಿಗೆ ಬೀಗ. ಸಂದಿಯಿಂದ ಒಳಗೆ ಇಣುಕಿದಳು. ನಡುವೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಪಾರಿವಾಳದ ಹಿಕ್ಕೆ. ಹನುಮಂತಮ್ಮನೂ ಇಣುಕಲು ಬಂದಳು. ಇಬ್ಬರಿಗೂ ಒಟ್ಟಿಗೆ ನಿಲ್ಲಲು ಜಾಗ ಸಾಲಲಿಲ್ಲ.

"ಜರುಗೇ ಸ್ವಲ್ಪ" ಎಂದಳು ಹನುಮಂತಮ್ಮ.

ವನಜಾಕ್ಷಿ ಜರುಗಲಿಲ್ಲ. ಅವಳು ಬಾಗಿಲುವಾಡವನ್ನು ನೋಡುತ್ತಿದ್ದಳು. ಕಲ್ಲಿನ ಚೌಕಟ್ಟು, ಗೋಡೆಗೆ ಸೇರಿಸಿ ಸಿಮೆಂಟು ಮೆತ್ತಿದ್ದರು. ಸುತ್ತು ಹಾಕಿ ಬಂದಳು. ಬೇರೆ ಬಾಗಿಲಿಲ್ಲ. ಎರಡು ಕಿಟಕಿ, ಎರಡಕ್ಕೂ ಗೋಡೆಯೊಳಗೆ ಹೂತ ಕಂಬಿ. ಮೇಲೆ ಕಾಂಕ್ರೀಟ್ ಛಾವಣಿ. ಇಷ್ಟು ದಿನ ಲಾರಿಯ ಹಿಂದೆ ಓಡಾಡಿದ ತಾನು ಈ ಬಾಗಿಲನ್ನು ನೆಟ್ಟಗೆ ನೋಡಿರಲೇ ಇಲ್ಲವಲ್ಲ ಎಂದು ತನ್ನ ಮೇಲೇ ರೇಗಿತು.

ಅಷ್ಟರಲ್ಲಿ ಜೀಪ್ ಬಂದು ನಿಂತಿತು. ಯೋಜನೆಯ ಇಂಜಿನಿಯರ್ ಹೊನ್ನೇಶ್ ಇಳಿದ. ವನಜಾಕ್ಷಿ ತರೀಕೆರೆಯಲ್ಲಿ ಕೊಟ್ಟ ಕಾಟಕ್ಕೆ, ಸ್ಥಳ ತೋರಿಸಿ ಸಮಾಧಾನ ಮಾಡಿ ಕಳಿಸು ಎಂದು ಅವನನ್ನು ಅಟ್ಟಿದ್ದರು. ಅವನ ಮುಖದಲ್ಲಿಯೂ ಬೇಸರ ಕಟ್ಟಿತ್ತು.

"ಏನ್ ಬೇಕು ಮೇಡಂ? ಎಲ್ಲಾ ಸದನದಲ್ಲೇ ಹೇಳಿ ಆಗಿದೆಯಲ್ಲ."

"ಸದನದಲ್ಲಿ ಒಂದು ಉಪಪ್ರಶ್ನೆ ಉಳಿದುಹೋಯ್ತು. ಮೋಟಾರ್ ಎಲ್ಲಿಟ್ಟಿದ್ರಿ?"

ಹೊನ್ನೇಶ್ ಬೀಗ ತೆಗೆದು ಕಟ್ಟೆ ತೋರಿಸಿದ. "ಅದರ ಮೇಲೆ."

"ನೀವೇ ನಿಂತು ಇಡಿಸಿದ್ರಾ?"

"ನನಗೆ ಮುಂಚೆ ಇದ್ದೋರು. ನಾನು ಬಂದು ವರ್ಷ ಆಗಿಲ್ಲ."

"ನೋಡಿದೀರೋ ಇಲ್ವೋ?"

"ನೋಡದೆ ಏನು. ಫೋಟೋನೇ ಐತಲ್ಲ."

"ಎಷ್ಟು ದೊಡ್ಡದಿತ್ತು?"

"ದೊಡ್ಡದೇ ಇತ್ತು ಮೇಡಂ."

"ಸುಮ್ನೆ ದೊಡ್ಡದು ಅಂದ್ರೆ ನನಗೆ ಗೊತ್ತಾಗಲ್ಲಪ್ಪ. ತೋರಿಸಿ."

ಹೊನ್ನೇಶನಿಗೆ ತಾಳ್ಮೆ ತಪ್ಪಿತು. ಮಗ್ಗಿ ಬಾರದ ಮಕ್ಕಳಿಗೆ ತೋರಿಸುವವನಂತೆ ಎರಡೂ ತೋಳು ಅಗಲಿಸಿ, "ಇಷ್ಟು ದಪ್ಪ. ಎತ್ತರ ನನ್ನ ಎದೆವರೆಗೆ. ಸಾಕಾ?" ಎಂದ.

"ಸಾಕು. ಕೈ ಇಳಿಸಬೇಡಿ. ಹಂಗೇ ಆ ಬಾಗಿಲಲ್ಲಿ ಒಳಗೆ ಹೋಗಿ."

"ಏನು?"

"ಒಳಗೆ ಹೋಗಿ ಅಂದೆ. ಕೈ ಹಂಗೇ ಇರಲಿ."

ಹೊನ್ನೇಶ್ ಬಾಗಿಲ ಕಡೆ ತಿರುಗಿದ. ತೋಳು ಚಾಚಿಕೊಂಡೇ ನಿಂತ. ಅವನ ಬೆರಳುಗಳು ಬಾಗಿಲುವಾಡದ ಎರಡೂ ಕಡೆ ಗೋಡೆಯ ಮೇಲೆ ಎಷ್ಟೋ ಆಚೆಗೆ ಹೋಗಿದ್ದವು. ತೀರ್ಥಮ್ಮನ ಅಂಗಡಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ನಿಧಾನವಾಗಿ ಕೈ ಇಳಿಸಿದ.

"ಛಾವಣಿ ಹಾಕೋಕೆ ಮುಂಚೆ ಮೇಲಿಂದ ಇಳಿಸಿದ್ರು" ಎಂದ.

"ಸರಿ. ಹಂಗೇ ಆಗಲಿ. ಕಳ್ಳರು ಹೆಂಗೆ ಹೊರಗೆ ತಗೊಂಡು ಹೋದ್ರು? ಛಾವಣಿ ತಲೆ ಮೇಲೇ ಐತಲ್ಲ."

ಹೊನ್ನೇಶ್ ಛಾವಣಿ ನೋಡಿದ. ಹೆಗಲ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಗಟಗಟ ಕುಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತ. ಕೂತ ಮೇಲೆ ಅವನು ಇಂಜಿನಿಯರನ ಹಾಗೆ ಕಾಣಲಿಲ್ಲ, ಕೆಲಸ ಕಳೆದುಕೊಳ್ಳುವ ಭಯದ ಹುಡುಗನ ಹಾಗೆ ಕಂಡ.

"ನಮ್ಮಲ್ಲಿ ಛಾವಣಿ ಫೋಟೋ ಕಳಿಸಿದ್ರೇನೇ ಮುಂದಿನ ಕಂತು ಬಿಡೋದು ಮೇಡಂ. ಅದಕ್ಕೆ ಎಲ್ಲಾ ಕಡೆ ಮೊದಲು ಛಾವಣಿ ಹಾಕಿಬಿಡ್ತಾರೆ. ಮೋಟಾರ್ ಬಂದಾಗ ಗೋಡೆ ಒಡೆದು ಒಳಗೆ ತಳ್ತಾರೆ, ಮತ್ತೆ ಕಟ್ತಾರೆ. ಇಲ್ಲಿ ಮೋಟಾರೇ ಬರಲಿಲ್ಲ, ಗೋಡೆ ಒಡೆಯೋ ಪ್ರಮೇಯನೂ ಬರಲಿಲ್ಲ."

"ಮತ್ತೆ ಕಳ್ಳತನ ಆಯ್ತು ಅಂತ ದೂರು ಕೊಟ್ಟಿದ್ದು ನೀವೇ ತಾನೇ?"

"ಕೊಟ್ಟೆ."

"ಕುರಿ ಲಾರಿ ಅಂತ ಬರೆದಿದ್ದೂ ನೀವೇ."

"ಬರ್ಕೊ ಅಂದ್ರು, ಬರ್ಕೊಂಡೆ. ಬೆಳಗಾವಿಯಿಂದ ಫೋನ್ ಬಂತು. ಸಾಹೇಬ್ರು ಸದನದಲ್ಲಿ ಹೀಗೆ ಹೇಳಿಬಿಟ್ಟವ್ರೆ, ಅದಕ್ಕೆ ಸರಿಯಾಗಿ ದೂರು ಕೊಡು ಅಂದ್ರು." ಅವನು ತಲೆ ಎತ್ತಲಿಲ್ಲ. "ಯಾವಾಗ್ಲೂ ನಾವು ಕೆಳಗಿಂದ ಬರೆದು ಕಳಿಸ್ತೀವಿ, ಮೇಲಿನೋರು ಓದ್ತಾರೆ. ಈ ಸಲ ಮೇಲಿಂದ ಕೆಳಗೆ ಬಂತು. ಲಾರಿ, ಕುರಿ, ಕಾವಲುಗಾರ, ಎಲ್ಲಾ ಅಲ್ಲಿಂದಲೇ ಬಂತು."

"ಅವರಿಗೆ ಯಾರು ಹೇಳಿದ್ದು?"

"ಆಣೆ ಮಾಡಿ ಹೇಳ್ತೀನಿ, ನಂಗೆ ಗೊತ್ತಿಲ್ಲ. ನಾನು ಇದ್ನೆಲ್ಲ ಹೇಳ್ದೆ ಅಂತ ಯಾರತ್ರ ಆದ್ರೂ ಅಂದ್ರೆ, ಅದು ಉದ್ಭವಿಸೋದೇ ಇಲ್ಲ ಅಂತೀನಿ."

ಅವನು ಗೇಟಿಗೆ ಬೀಗ ಹಾಕಿ ಹೊರಟುಹೋದ. ಹೋಗುವಾಗ ಹನುಮಂತಮ್ಮನ ಮುಖ ನೋಡಲಿಲ್ಲ.

ವನಜಾಕ್ಷಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಹೊನ್ನೇಶ್ ನಾಳೆ ತಿರುಗಿ ಬೀಳಬಹುದು, ತೀರ್ಥಮ್ಮನ ಮಾತನ್ನು ಯಾರೂ ಕೇಳದಿರಬಹುದು. ಬಾಗಿಲು ತಿರುಗಿ ಬೀಳುವುದಿಲ್ಲ. ಒಳಗೆ ಹೋಗಲಾರದ್ದು ಹೊರಗೆ ಬರಲಾರದು. ಇಷ್ಟು ಗಟ್ಟಿಯಾದ ಸಾಕ್ಷಿ ಸಿಗುವುದು ಅಪರೂಪ.

ನಾಳೆ ಅಧಿವೇಶನದ ಕೊನೆಯ ದಿನ. ಮಂತ್ರಿಗಳ ಉತ್ತರ ತೃಪ್ತಿ ತಂದಿಲ್ಲ, ಇದರ ಮೇಲೆ ಅರ್ಧ ಗಂಟೆ ಚರ್ಚೆ ಬೇಕು ಎಂದು ಚಂದ್ರಕುಮಾರ್ ಕೊಟ್ಟಿದ್ದ ನೋಟಿಸಿಗೆ ಸಭಾಪತಿಗಳು ಒಪ್ಪಿದ್ದರು. ನಾಳೆ ಬಿಟ್ಟರೆ ಮುಂದಿನ ಅಧಿವೇಶನ ಎಂದೋ ಏನೋ. ಅವಳು ಅಲ್ಲಿಯೇ ನಿಂತು ಬೆಳಗಾವಿಗೆ ಫೋನು ಹಚ್ಚಿದಳು.

"ಹೇಳಿ ಮೇಡಂ."

ಅವಳು ಎಲ್ಲ ಹೇಳಿದಳು. ಬಾಗಿಲು, ಕಿಟಕಿ, ಛಾವಣಿ, ಒಂದನ್ನೂ ಬಿಡಲಿಲ್ಲ. ಹೊನ್ನೇಶನ ಹೆಸರನ್ನು ಮಾತ್ರ ಬಾಯಿಗೆ ತರಲಿಲ್ಲ.

ಚಂದ್ರಕುಮಾರ್ ಪೂರ್ತಿ ಕೇಳಿಸಿಕೊಂಡರು. "ಭಾರಿ ಹಿಡಿದ್ರಿ ಮೇಡಂ. ಇದು ಇನ್ಯಾರಿಗೆ ಗೊತ್ತು?"

"ಸದ್ಯಕ್ಕೆ ನಾನು, ನಮ್ಮತ್ತಿಗೆ. ನೀವು ಫೋಟೋ ಹಿಡ್ಕೊಂಡು ಮಾತಾಡೋಕೆ ಹೋಗಬೇಡಿ. ಮೋಟಾರ್ ಇರೋ ಫೋಟೋನೇ ಅವರ ಹತ್ರ ಇದೆ, ಯಾವ ಊರಿನದೋ. ನಮ್ಮ ಫೋಟೋ ತೋರಿಸಿದ್ರೆ ಇದು ಯಾವುದೋ ಬಚ್ಚಲುಮನೆ ಬಾಗಿಲು ಅಂತಾರೆ. 'ಸದನ ಸಮಿತಿ ಬರಲಿ, ಕಣ್ಣಾರೆ ನೋಡಲಿ' ಅಂತ ಪಟ್ಟು ಹಿಡೀರಿ. ಪಂಪ್‌ಹೌಸ್ ಏನು ಎದ್ದು ಓಡಿಹೋಗಲ್ಲ."

"ಇಲ್ಲ, ಎಲ್ಲಿ ಓಡಿಹೋಗುತ್ತೆ" ಎಂದರು ಚಂದ್ರಕುಮಾರ್. "ಓಂಕಾರೇಶನಿಗೂ ಹೇಳಬೇಡಿ."

"ಅವನಿಗೆ ಹೇಳೋಕೆ ನನಗೇನು ಹುಚ್ಚೇ?"

ಫೋನಿಟ್ಟು ಅವಳು ಹನುಮಂತಮ್ಮನ ಕೈಯಿಂದ ಕೋಲು ತೆಗೆದುಕೊಂಡಳು. "ಏಳು ಅತ್ತಿಗೆ. ಇವತ್ತಿಗೆ ಕಾವಲು ಸಾಕು. ಅಜ್ಜಂಪುರಕ್ಕೆ ಹೋಗಿ ಹೊಟ್ಟೆ ತುಂಬ ಉಣ್ಣಾನ."

"ಬಿಟ್ಟು ಹೆಂಗೆ ಬರಾದೇ?"

"ಏನು ಕದೀತಾರೆ ಇಲ್ಲಿ? ಪಾರಿವಾಳನಾ? ನಾನಿದ್ದೀನಿ, ಬಾ."

ಹನುಮಂತಮ್ಮ ಹಿಂದೆ ತಿರುಗಿ ನೋಡುತ್ತಲೇ ಸ್ಕೂಟರ್ ಹತ್ತಿದಳು.

ಅಜ್ಜಂಪುರದ ಹೋಟೆಲಿನಲ್ಲಿ ಮುದ್ದೆ ಚೆನ್ನಾಗಿತ್ತು, ಬಸ್ಸಾರು ಇನ್ನೂ ಚೆನ್ನಾಗಿತ್ತು. ಹನುಮಂತಮ್ಮ ಗಂಡ ಜೈಲಿಗೆ ಹೋದ ಮೇಲೆ ಇವತ್ತೇ ಮನಸ್ಸಿಟ್ಟು ಉಂಡದ್ದು. ವನಜಾಕ್ಷಿಗೆ ಅದನ್ನು ನೋಡುವುದೇ ಒಂದು ಸಂತೋಷವಾಗಿತ್ತು.

"ಇನ್ನು ಆ ಕುರಿ ಲಾರಿ ಯಾರ ತಲೇಲಿ ಹುಟ್ಟಿತು ಅನ್ನೋದೊಂದು ಗೊತ್ತಾದ್ರೆ ಮುಗೀತು ಅತ್ತಿಗೆ. ಅವನೇ ಕಳ್ಳ."

ಹನುಮಂತಮ್ಮ ಎತ್ತಿದ ತುತ್ತನ್ನು ಹಾಗೇ ತಡೆದಳು. "ಏನಂದೆ?"

"ಕುರಿ ಲಾರಿ ಕತೆ ಕಟ್ಟಿದವನು ಯಾರು ಅಂತ."

"ನೀನೇ ಅಲ್ವೇನೇ ಅಂದಿದ್ದು?"

ವನಜಾಕ್ಷಿ ಅವಳ ಮುಖ ನೋಡಿದಳು. ತಮಾಷೆ ಇರಲಿಲ್ಲ.

"ನಿಮ್ಮನೆ ಜಗಲಿ ಮೇಲೆ ಕಣೇ. ನಾನು ಹುರುಳಿಕಾಳು ಕೊಟ್ಟು ಹೋಗಾನ ಅಂತ ಬಂದಿದ್ನಲ್ಲ, ಆವತ್ತು. ನೀನು ಟವಲು ಹೊದ್ಕೊಂಡು ಮಂತ್ರಿ ಆಗಿದ್ದೆ. ಆ ಮಂಡಿ ಸಾಹೇಬ್ರು ಪ್ರಶ್ನೆ ಕೇಳೋರು, ನೀನು ಕೆಮ್ಮಿ ಕೆಮ್ಮಿ ಉತ್ತರ ಹೇಳ್ತಿದ್ದೆ."

ಅದು ಹೌದು. ಪ್ರತಿ ಅಧಿವೇಶನಕ್ಕೂ ಮುಂಚೆ ಚಂದ್ರಕುಮಾರ್ ಕಡೂರಿನ ಅವಳ ಮನೆಗೆ ಬಂದು ಪ್ರಶ್ನೆಗಳ ತಾಲೀಮು ಮಾಡುತ್ತಿದ್ದರು. ಅವರು ಸದಸ್ಯ, ಅವಳು ಮಂತ್ರಿ. ಮಂತ್ರಿಗಳು ಯಾವ ಯಾವ ಸಂದಿಯಲ್ಲಿ ನುಣುಚಿಕೊಳ್ಳುತ್ತಾರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಜಗಲಿಯ ಗೋಡೆಯ ಬುದ್ಧನ ಪಟದ ಕೆಳಗೆ ಕೂತು ಗಂಟೆಗಟ್ಟಲೆ ಅವಳು ಸುಳ್ಳು ಉತ್ತರ ಕೊಡುತ್ತಿದ್ದಳು. ಆ ಆಟ ಅವಳಿಗೆ ತುಂಬಾ ಇಷ್ಟ. ಅಲ್ಲಿ ಆಡಿದ ಒಂದು ಮಾತೂ ಆಮೇಲೆ ಅವಳಿಗೆ ನೆನಪಿರುತ್ತಿರಲಿಲ್ಲ.

"ಏನಂದೆ ನಾನು?"

"ಪಂಪ್‌ಹೌಸಲ್ಲಿ ಮೋಟಾರ್ ಇದೆಯೋ ಇಲ್ವೋ ಅಂದ್ರು ಅವರು. ನೀನು ಮೊದಲು ತರಿಸ್ತೀವಿ ಅಂದೆ, ಆಮೇಲೆ ರಿಪೇರಿಗೆ ಹೋಗೈತೆ ಅಂದೆ. ಅವರು ಬಿಡಲಿಲ್ಲ. ಕೊನೆಗೆ ನೀನು ಟವಲು ಹಿಂಗೆ ಎಳ್ಕೊಂಡು, ಕಾವಲುಗಾರನೇ ಕುರಿ ಲಾರೀಲಿ ಹಾಕಿ ಸಾಗಿಸಿಬಿಟ್ಟ, ಹಿಡಿದು ಒಳಗೆ ಹಾಕಿದೀವಿ ಅಂದೆ. ನಾವೆಲ್ಲ ಬಿದ್ದು ಬಿದ್ದು ನಕ್ವಿ."

ಟವಲಿನ ಒರಟು ಅಂಚು ಹೆಗಲಿಗೆ ತಾಗಿದ್ದು ವನಜಾಕ್ಷಿಗೆ ನೆನಪಾಯಿತು. ಅದರ ಹಿಂದೆಯೇ ಉಳಿದದ್ದೂ ಬಂತು. ಗಿಡ್ಡಪ್ಪನನ್ನು ಜೈಲಿಗೆ ಹಾಕಿದ ಮಾತು ಹುಟ್ಟಿದ್ದು ಬೆಳಗಾವಿಯಲ್ಲಲ್ಲ, ಅವಳ ಜಗಲಿಯ ಮೇಲೆ, ಅವಳ ಬಾಯಲ್ಲಿ. ತನ್ನದೇ ಲಾರಿಯನ್ನು ಹುಡುಕಿಕೊಂಡು ಅವಳು ಊರೂರು ತಿರುಗಿದ್ದಳು.

"ಇಷ್ಟು ದಿನ ಯಾಕೆ ಅತ್ತಿಗೆ ಹೇಳಲಿಲ್ಲ?"

"ಮಂತ್ರಿ ಬಾಯಲ್ಲಿ ಅದೇ ಮಾತು ಬಂದಾಗ ನೀನೇ ಹೇಳ್ಕೊಟ್ಟಿದೀಯ ಅನ್ಕೊಂಡೆ. ಓದಿದೋಳು, ಅಲ್ಲೇ ಕೆಲಸ ಮಾಡಿದೋಳು. ಅವರನ್ನ ಬಿಡಿಸೋಕೆ ಏನೋ ಒಂದು ಉಪಾಯ ಇಟ್ಕೊಂಡಿರ್ತೀಯ ಅಂತ ಸುಮ್ನಾದೆ."

ವನಜಾಕ್ಷಿ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಆವತ್ತು ಓಂಕಾರೇಶ್ ಇದ್ನಾ ಅಲ್ಲಿ?"

"ಯಾರು, ಆ ಬಾಯಿಬಡುಕನಾ? ಇಲ್ಲ. ಅವನು ರೂಮು ನೋಡೋಕೆ ಅಂತ ಬೆಳಗಾವಿಗೆ ಹೋಗಿದ್ನಂತಲ್ಲ. ನೀನು, ನಾನು, ಅವರು. ಮೂರೇ ಜನ."

ಓಂಕಾರೇಶನಿಗೆ ಪ್ರಶ್ನೆ ಗೊತ್ತಿದ್ದಿರಬಹುದು. ಉತ್ತರ ಗೊತ್ತಿರಲು ಸಾಧ್ಯವಿರಲಿಲ್ಲ. ಉತ್ತರ ಕೇಳಿದವರು ಇಬ್ಬರೇ. ಒಬ್ಬಳು ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದಳು.

ಇನ್ನೊಬ್ಬರು ಆವತ್ತು ನಕ್ಕು ನಕ್ಕು ಕಣ್ಣೊರೆಸಿಕೊಂಡು, 'ಮೇಡಂ, ಇನ್ನೊಂದ್ಸಲ ಹೇಳಿ, ಇನ್ನೊಂದ್ಸಲ' ಎಂದಿದ್ದರು. ಅವಳು ಇನ್ನೊಮ್ಮೆ ಹೇಳಿದ್ದಳು. ಅವರು ಕೇಳಿಸಿಕೊಂಡಿದ್ದರು. ಸದನದಲ್ಲಿ ಕೇಳುವವನೂ ಉತ್ತರಿಸುವವನೂ ಹೊರಗೆ ಒಂದೇ ಕಾರಿನಲ್ಲಿ ಹೋಗುವುದನ್ನು ಅವಳು ಎಷ್ಟು ವರ್ಷ ನೋಡಿರಲಿಲ್ಲ? ಎಲ್ಲರ ವಿಷಯದಲ್ಲೂ ಗೊತ್ತಿತ್ತು. ಮೇಡಂ ಎಂದು ಕರೆದವರ ವಿಷಯದಲ್ಲಿ ಮಾತ್ರ ಗೊತ್ತಾಗಲಿಲ್ಲ.

ಮತ್ತು ಈಗ, ಊಟಕ್ಕೆ ಮುಂಚೆ, ಬಾಗಿಲಿನ ವಿಷಯವನ್ನೂ ಅವರಿಗೇ ಹೇಳಿ ಬಂದಿದ್ದಳು.

ಫೋನು ಬಡಿದುಕೊಂಡಿತು. ತೀರ್ಥಮ್ಮ.

"ಎಲ್ಲಿದೀರವ್ವಾ? ನೀವು ಅತ್ಲಾಗೆ ಹೋದ್ರಿ, ಇತ್ಲಾಗೆ ಜೆಸಿಬಿ ಬಂತು. ಪಂಪ್‌ಹೌಸ್ ಬಾಗಿಲು ಕೀಳ್ತಾವ್ರೆ."

"ಕೀಳ್ತಾ ಇದಾರಾ?"

"ಕಲ್ಲಿನ ಬಾಗಿಲುವಾಡ ಕಿತ್ತು ಬಿಸಾಕವ್ರೆ. ಗೋಡೆ ಅರ್ಧ ಹೋಯ್ತು. ದೊಡ್ಡ ಬಾಗಿಲು ಇಡ್ತಾರಂತೆ. ಕಾವಲಿಗೆ ಹನುಮಂತಕ್ಕ ಇದ್ದಿದ್ರೆ ಅಡ್ಡ ಮಲಗಿಬಿಡ್ತಿದ್ಲು. ಕೇಳೋರು ಯಾರೂ ಇಲ್ಲ ಇಲ್ಲಿ." ತೀರ್ಥಮ್ಮನ ದನಿ ಇಳಿಯಿತು. "ಇನ್ನೊಂದು ವಿಷಯ ಕಣವ್ವಾ. ಜೆಸಿಬಿ ಹಿಂದೆ ಒಂದು ಲಾರಿ ಬಂದು ನಿಂತೈತೆ. ಕುರಿ ಲಾರಿ. ಹಿಕ್ಕೆ ನಾತ ನಮ್ಮ ಅಂಗಡಿಗೇ ಹೊಡೀತೈತೆ. ಒಳಗೆ ಎಂಥದೋ ದೊಡ್ಡದು, ಟಾರ್ಪಾಲು ಬಿಗಿದವ್ರೆ. ಎಂಥದು ಅಂತ ಯಾರಿಗೂ ಗೊತ್ತಿಲ್ಲ. ಡ್ರೈವರ್ರು ಬಂದು, ಗಿಡ್ಡಪ್ಪನ ತೆಂಗಿನ ತೋಟಕ್ಕೆ ಯಾವ ಕಡೆ ಹೋಗಬೇಕು ಅಂತ ಕೇಳ್ದ."

ವನಜಾಕ್ಷಿ ಎದ್ದು ನಿಂತಳು. ಕೈತೊಳೆಯದ ಬೆರಳುಗಳು ಮೊಬೈಲಿಗೆ ಅಂಟುತ್ತಿದ್ದವು. ತೀರ್ಥಮ್ಮನ ಮಾತಿನ ನಡುವೆಯೇ ಇನ್ನೊಂದು ಕರೆ ಬರುತ್ತಿತ್ತು. ಚಂದ್ರಕುಮಾರ್ ಎಂಬ ಹೆಸರು ಮೂಡಿತು, ಮಾಯವಾಯಿತು, ಮತ್ತೆ ಮೂಡಿತು. ಅವಳು ಎತ್ತಿದಳು.

"ಮೇಡಂ, ಊಟ ಆಯ್ತಾ?" ಎಂದಿನ ಅದೇ ಮರ್ಯಾದೆಯ ದನಿ. "ನಾಳೆಗೆ ಒಂದ್ಸಲ ತಾಲೀಮು ಮಾಡಿಬಿಡೋಣ. ನೀವು ಮಂತ್ರಿ. ಮೋಟಾರ್ ಸಿಕ್ಕಿತು, ಕಾವಲುಗಾರನ ತೋಟದಲ್ಲೇ ಇತ್ತು ಅಂತ ನೀವು ಅಂದ್ರೆ, ನಾನು ಮುಂದೆ ಏನು ಕೇಳಲಿ?"

ಬಿಳಿಗುಂಡಿಯಲ್ಲಿ ಆ ಲಾರಿಯ ಟಾರ್ಪಾಲನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.